ಹದಿಮೂರು ಗುಳ್ಳೆ

ಹನ್ನೆರಡನೆಯ ಗುಳ್ಳೆ ಮೇಲೆದ್ದು ನೀರಿನ ಮೇಲೆ ಒಡೆದಾಗ ನಿಮಿಷ ಮುಗಿಯಲು ಇನ್ನೂ ಆರು ಸೆಕೆಂಡು ಬಾಕಿ ಇತ್ತು. ಅವನು ಉಸಿರು ಬಿಗಿಹಿಡಿದು ನೋಡಿದ. ಬೀಕರಿನಲ್ಲಿ ತಲೆಕೆಳಗಾಗಿ ನಿಂತಿದ್ದ ಹೈಡ್ರಿಲ್ಲಾ ಎಂಬ ನೀರುಗಿಡದ ಕತ್ತರಿಸಿದ ತುದಿಯಲ್ಲಿ ಇನ್ನೊಂದು ಗುಳ್ಳೆ ಸಾಸಿವೆಯಷ್ಟು ದಪ್ಪವಾಗಿ, ಹೊರಡಲೋ ಬೇಡವೋ ಎಂದು ಅನುಮಾನಿಸುತ್ತ ಅಂಟಿಕೊಂಡಿದ್ದು, ಕೊನೆಗೂ ಬಿಡಿಸಿಕೊಂಡಿತು. ಹದಿಮೂರು. ದೀಪ ಗಿಡದಿಂದ ಹತ್ತೇ ಸೆಂಟಿಮೀಟರ್ ದೂರದಲ್ಲಿತ್ತು, ಎಲೆಯ ನರಗಳೆಲ್ಲ ಎದ್ದು ಕಾಣುವಷ್ಟು ಬೆಳಕು ಸುರಿಯುತ್ತಿತ್ತು, ಆದರೂ ಹದಿಮೂರೇ. ಇಪ್ಪತ್ತು ಸೆಂಟಿಮೀಟರಿನಲ್ಲಿ ಇಟ್ಟಾಗಲೂ ಹದಿಮೂರು ಬಂದಿತ್ತು. ಒಂದು ಸಲ ಕಣ್ಣು ತಪ್ಪಿರಬಹುದು, ಎರಡನೆಯ ಸಲ ಗಡಿಯಾರ ತಪ್ಪಿರಬಹುದು ಎಂದುಕೊಂಡು ಮೂರನೆಯ ಸಲವೂ ಎಣಿಸಿದ್ದಾಗಿತ್ತು. ಐವತ್ತೆರಡು ವರ್ಷದ ಗಂಡಸು, ಶಾಲೆಯ ಜೀವಶಾಸ್ತ್ರದ ಲ್ಯಾಬಿನ ಅಟೆಂಡರ್, ಗೇಟಿನ ಕಾವಲುಗಾರನೂ ಬರುವ ಮೊದಲೇ ಬಂದು ಬಾಗಿಲು ತೆಗೆದು, ಹದಿನಾಲ್ಕು ವರ್ಷದ ಒಂದು ಹುಡುಗಿ ಸುಳ್ಳಿ ಎಂದು ಸಾಬೀತಾಗಲಿ ಅಂತ ಗಿಡದ ಮುಂದೆ ಕೈಕಟ್ಟಿ ಕೂತಿದ್ದ. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಕೂತಿದ್ದ ಎಂಬುದೇ ನಾಚಿಕೆಗೇಡು.

ಈ ಬೀಕರಿಗೆ ಅವನು ಬೇಕೆಂದೇ ಸೋಡಾ ಹಾಕಿರಲಿಲ್ಲ. ಅಡುಗೆ ಸೋಡಾ ಒಂದು ಚಿಟಿಕೆ ನೀರಿಗೆ ಬಿದ್ದರೆ ಗಿಡಕ್ಕೆ ಬೇಕಾದ ಕಾರ್ಬನ್ ಡೈಆಕ್ಸೈಡ್ ಧಾರಾಳವಾಗಿ ಸಿಗುತ್ತದೆ. ಆಗ ದೀಪ ಹತ್ತಿರ ತಂದಷ್ಟೂ ಗುಳ್ಳೆ ಹೆಚ್ಚುತ್ತ ಹೋಗುತ್ತದೆ, ಮಕ್ಕಳು ಖುಷಿಯಿಂದ ಗ್ರಾಫ್ ಎಳೆಯುತ್ತಾರೆ. ಸೋಡಾ ಇಲ್ಲದಿದ್ದರೆ ಗುಳ್ಳೆಯ ಲೆಕ್ಕ ಸ್ವಲ್ಪ ಏರಿ ನಿಂತುಬಿಡುತ್ತದೆ. ದೀಪ ದೂರವಿರುವಾಗ ಗಿಡಕ್ಕೆ ಬೆಳಕಿನದೇ ಬರ. ಬೆಳಕು ಸಾಕಷ್ಟಾದ ಮೇಲೆ ಬರ ಇನ್ನೊಂದರದು. ಇಷ್ಟು ವಿಷಯ ಅವನಿಗೆ ಹತ್ತೊಂಬತ್ತು ವರ್ಷದಿಂದ ನೀರು ಕುಡಿದಷ್ಟು ಸಲೀಸು. ಸೋಮವಾರ ಏಳನೆಯ ಬೀಕರಿನಲ್ಲಿ ಆ ಹುಡುಗಿ ಕಂಡದ್ದೂ ಇದನ್ನೇ: ದೀಪ ಹತ್ತಿರ ತಂದಂತೆ ಐದು, ಎಂಟು, ಹನ್ನೆರಡು, ಹದಿಮೂರು, ಹದಿಮೂರು. ಇವತ್ತು ಬುಧವಾರ. ಮಧ್ಯಾಹ್ನ ಮಕ್ಕಳ ಪ್ರಯೋಗದ ಪುಸ್ತಕಗಳೆಲ್ಲ ಆಫೀಸಿಗೆ ಹೋಗುತ್ತವೆ. ಸಹಿ ಇಲ್ಲದ ಪುಸ್ತಕದವರಿಗೆ ವಾರ್ಷಿಕ ಪರೀಕ್ಷೆಗೆ ಕೂರಲು ಬಿಡುವುದಿಲ್ಲ. ಅವಳ ಪುಸ್ತಕದಲ್ಲಿ ಸಹಿಯ ಜಾಗದಲ್ಲಿ ಕೆಂಪು ಶಾಯಿಯಲ್ಲಿ ಬೇರೆಯದೇ ಇತ್ತು: 'ಕಲ್ಪಿಸಿ ಬರೆದದ್ದು'.

ಮಕ್ಕಳು ಅವನನ್ನು ಗುಳ್ಳೆ ಮಾಮ ಎನ್ನುತ್ತಿದ್ದರು. ಎದುರಿಗೆ ಬರೀ ಮಾಮ, ಬೆನ್ನ ಹಿಂದೆ ಗುಳ್ಳೆ ಸೇರುತ್ತಿತ್ತು. ಅವನಿಗೇನೂ ಬೇಜಾರಿರಲಿಲ್ಲ. ಆ ಹುಡುಗಿಗೂ ಒಂದು ಅಡ್ಡಹೆಸರಿತ್ತು, ಹನ್ನೊಂದೂವರೆ. ಕಳೆದ ವರ್ಷ ಇದೇ ಪ್ರಯೋಗದ ಅಭ್ಯಾಸದ ದಿನ ಜೀವಶಾಸ್ತ್ರದ ಮೇಡಂ ಎಷ್ಟಾಯಿತು ಎಂದಾಗ ಎಲ್ಲರೂ ಹತ್ತು, ಹನ್ನೆರಡು ಎಂದರೆ ಇವಳೊಬ್ಬಳು ಎದ್ದು ನಿಂತು ಹನ್ನೊಂದೂವರೆ ಎಂದಿದ್ದಳು. ಅರ್ಧ ಗುಳ್ಳೆ ಎಲ್ಲಿಂದ ಬಂತೇ ತಾಯಿ ಎಂದು ಮೇಡಂ ನಕ್ಕರು, ಕ್ಲಾಸೇ ಬಿದ್ದು ಬಿದ್ದು ನಕ್ಕಿತು. "ನಿಮಿಷ ಮುಗಿದಾಗ ಒಂದು ಗುಳ್ಳೆ ತುದೀಲೇ ಇತ್ತು ಮೇಡಂ, ಪೂರ್ತಿ ಬಂದಿರ್ಲಿಲ್ಲ, ಬಂದಿಲ್ಲ ಅಂತಾನೂ ಹೇಳೋಕಾಗಲ್ಲ," ಎಂದು ಅವಳು ಕಿವಿ ಕೆಂಪಗೆ ಮಾಡಿಕೊಂಡು ಹೇಳಿದಳು. ಅವನು ಆಗ ಹಿಂದಿನ ಬಾಗಿಲಲ್ಲಿ ನಿಂತಿದ್ದ. ಆ ದಿನ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅವನಿಗೆ ಒಂಥರಾ ಹಿಗ್ಗು. ಅಷ್ಟು ವರ್ಷದಲ್ಲಿ ಎಷ್ಟು ಮಕ್ಕಳು ಬಂದು ಎಣಿಸಿ ಹೋಗಿದ್ದರು, ಅರ್ಧಂಬರ್ಧ ಎಣಿಸಿ, ಪಕ್ಕದವನದು ನೋಡಿ, ಕಿಟಕಿಯಾಚೆ ನೋಡುತ್ತ ಬಾಯಿಗೆ ಬಂದದ್ದು ಬರೆದು. ಅಷ್ಟು ಜನರಲ್ಲಿ ಗುಳ್ಳೆಯನ್ನು ನಿಜವಾಗಿ ನೋಡಿದವಳು ಇವಳೊಬ್ಬಳೇ ಅನ್ನಿಸಿತ್ತು. ಮರುದಿನ ಅವಳನ್ನು ಕರೆದು, ಗುಳ್ಳೆ ತುದಿಯಿಂದ ಬಿಟ್ಟುಕೊಂಡ ಕ್ಷಣವನ್ನೇ ಲೆಕ್ಕಕ್ಕೆ ಹಿಡಿಯಬೇಕು ಎಂದು ಹೇಳಿಕೊಟ್ಟ. ಅವಳು ತಲೆಯಾಡಿಸಿ, ಆಮೇಲೆ ಎಲ್ಲಿ ಕಂಡರೂ ನಮಸ್ತೆ ಮಾಮ ಎನ್ನುತ್ತಿದ್ದಳು.

ಸೋಮವಾರ ಬೆಳಿಗ್ಗೆ ಅವನು ಎಂದಿನಂತೆ ಎಂಟು ಬೀಕರು ಸಾಲಾಗಿ ಇಟ್ಟು, ಎಂಟು ಪೊಟ್ಟಣ ಸೋಡಾ ತೂಗಿ ಕಟ್ಟಿ ಅಂಗಿಯ ಜೇಬಿಗೆ ಹಾಕಿಕೊಂಡಿದ್ದ. ಚಮಚದಲ್ಲಿ ಹಾಕಿದರೆ ಒಂದಕ್ಕೆ ಹೆಚ್ಚು ಒಂದಕ್ಕೆ ಕಡಿಮೆ ಆಗುತ್ತದೆಂದು ಪೊಟ್ಟಣದ ಈ ಪದ್ಧತಿ ಅವನೇ ಹುಡುಕಿಕೊಂಡದ್ದು. ಅದರ ಬಗ್ಗೆ ಅವನಿಗೆ ಜಂಬವೂ ಇತ್ತು. ಐದು ಪೊಟ್ಟಣ ಮುಗಿದು ಆರನೆಯದನ್ನು ಬಿಚ್ಚಿ ಸುರಿಯುತ್ತಿದ್ದ. ಆಗ ಹೊಸದಾಗಿ ಸೇರಿದ ಭೌತಶಾಸ್ತ್ರದ ಮೇಷ್ಟ್ರು ಒಳಗೆ ಬಂದರು, ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ, ದೀಪಕ್ಕೆ ಬಲ್ಬು ಕೇಳಲು ಬಂದವರು ಅಲ್ಲೇ ನಿಂತರು. "ಒಂದು ಡೌಟು ಯಜಮಾನ್ರೇ. ದೂರ ಅರ್ಧ ಮಾಡಿದ್ರೆ ಬೆಳಕು ನಾಲ್ಕು ಪಟ್ಟು ಆಗುತ್ತೆ. ಹಾಗಾದ್ರೆ ಗುಳ್ಳೇನೂ ನಾಲ್ಕು ಪಟ್ಟು ಆಗ್ಬೇಕಲ್ವಾ?" ಡಿಗ್ರಿ ಮಾಡಿದ ಮೇಷ್ಟ್ರು ತನಗೆ ಡೌಟು ಕೇಳುತ್ತಿದ್ದಾರೆ! ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಮೇಷ್ಟ್ರಾಗುವ ಆಸೆಗೆ ಎಳ್ಳುನೀರು ಬಿಟ್ಟು, ಬೀಕರು ತೊಳೆಯುವ ಕೆಲಸಕ್ಕೆ ಸೇರಿದವನಿಗೆ ಎದೆ ಉಬ್ಬದೆ ಇರುತ್ತದೆಯೇ? "ಬೆಳಕಿನ ಕೊರತೆ ಇರೋವರ್ಗೂ ಬೆಳಕು ಹೆಚ್ಚಿದ್ರೆ ಕೆಲ್ಸ ಹೆಚ್ಚುತ್ತೆ ಸಾರ್," ಎಂದು ಅವನು ಶುರುಮಾಡಿದ. "ಆಮೇಲೆ ಕೊರತೆ ಬೇರೇದಕ್ಕೆ ಹೋಗುತ್ತೆ. ಹತ್ತು ಜನ ದರ್ಜಿಗಳನ್ನ ಕೂರಿಸಿದ್ರೂ ಇರೋದು ಎರಡು ಅಂಗಿಯಷ್ಟು ಬಟ್ಟೆ ಆದ್ರೆ ಎರಡೇ ಅಂಗಿ ತಾನೆ? ಆ ಬಟ್ಟೆ ಸಾಲದೆ ಹೋಗ್ಬಾರ್ದು ಅಂತಾನೇ ನಾವು ಸೋಡಾ ಹಾಕೋದು." ಮೇಷ್ಟ್ರು ವಾಹ್ ಎಂದರು. ಇನ್ನೂ ಹೇಳಿದ. ನೀರಿನ ಬಿಸಿ, ಎಲೆಯ ವಯಸ್ಸು, ದೀಪಕ್ಕೂ ಗಿಡಕ್ಕೂ ನಡುವೆ ನೀರಿನ ತೊಟ್ಟಿ ಯಾಕಿಡಬೇಕು, ಎಲ್ಲ ಹೇಳಿದ. ಮೇಷ್ಟ್ರು ಹೋದ ಮೇಲೆ ತಿರುಗಿ ಎಂಟನೆಯ ಬೀಕರಿಗೆ ಪೊಟ್ಟಣ ಬಿಚ್ಚಿ ಸುರಿದ. ಸೋಡಾ ಯಾಕೆ ಹಾಕಬೇಕು ಎಂದು ಹೇಳುವ ಭರದಲ್ಲಿ ಏಳನೆಯದಕ್ಕೆ ಸೋಡಾ ಹಾಕುವುದೇ ಮರೆತುಹೋಗಿತ್ತು.

ಅದು ಗೊತ್ತಾದದ್ದು ಯಾವಾಗ ಎಂಬುದೇ ಅವನನ್ನು ಎರಡು ರಾತ್ರಿಯಿಂದ ತಿನ್ನುತ್ತಿರುವುದು. ಎಲ್ಲ ಮುಗಿದ ಮೇಲೆ ಗೊತ್ತಾಗಿದ್ದರೆ ಪರವಾಗಿರಲಿಲ್ಲ. ಮನುಷ್ಯ ಅಂದ ಮೇಲೆ ಮರೆವು ಇದ್ದದ್ದೇ. ಮೇಡಂ ಹುಡುಗಿಯ ಪುಸ್ತಕ ಎತ್ತಿ ಹಿಡಿದು, "ಹದಿಮೂರು, ಹದಿಮೂರು. ಇದೇನಮ್ಮ, ದೀಪ ಮೂಗಿನ ಹತ್ರ ಬಂದ್ರೂ ನಿನ್ನ ಗಿಡ ಮುಷ್ಕರ ಹೂಡಿತ್ತಾ?" ಎಂದಾಗ ಅವನು ಎಲ್ಲರ ಜೊತೆ ನಕ್ಕಿದ್ದ, ಆಗಿನ್ನೂ ಏನೂ ತಿಳಿದಿರಲಿಲ್ಲ. ಅವಳ ಜೊತೆಗಾರ್ತಿ ಜ್ವರವೆಂದು ಬಂದಿರಲಿಲ್ಲ. ಆ ಬೀಕರಿಗೆ ಅವಳೊಬ್ಬಳೇ ಸಾಕ್ಷಿ.

"ನಾನು ಎಣಿಸಿದ್ದೇ ಅಷ್ಟು ಮೇಡಂ."

"ಉಳಿದ ಏಳು ಬೀಕರಲ್ಲೂ ಏರ್ತಾ ಹೋಗಿದೆ, ನಿನ್ನದು ಮಾತ್ರ ಯಾಕೆ ನಿಂತ್ಕೊಳ್ತು? ಯಾವಾಗ ನಿಲ್ಲುತ್ತೆ ಹೇಳು."

"ಕಾರ್ಬನ್ ಡೈಆಕ್ಸೈಡ್ ಸಾಲದೇ ಹೋದಾಗ." ಹುಡುಗಿ ಒಂದು ಕ್ಷಣ ಯೋಚಿಸಿದಳು. "ಇದಕ್ಕೆ ಸೋಡಾ ಹಾಕಿಲ್ವೇನೋ ಮೇಡಂ."

ಮೇಡಂ ಮೊದಲು ಅವನ ಕಡೆ ನೋಡಿದರು, ಆಮೇಲೆ ಹುಡುಗಿಯ ಕಡೆ. "ಯಾರು, ನಮ್ಮ ಯಜಮಾನ್ರಾ? ಹತ್ತೊಂಬತ್ತು ವರ್ಷದಿಂದ ಈ ಲ್ಯಾಬು ನಡೀತಿರೋದೇ ಅವರಿಂದ. ಅವರು ಸೋಡಾ ಹಾಕೋದು ಮರೆತ ದಿನ ಸೂರ್ಯ ಪಶ್ಚಿಮದಲ್ಲಿ ಹುಟ್ತಾನೆ. ನೀನು ಎಲ್ಲೋ ನೋಡ್ಕೊಂಡು ಕೂತು ಒಂದೇ ಅಂಕಿ ಎರಡು ಸಲ ಗೀಚಿಬಿಟ್ಟು, ಅಂಥವರ ಮೇಲೆ ಗೂಬೆ ಕೂರಿಸ್ತೀಯಾ?" ಹತ್ತೊಂಬತ್ತು ವರ್ಷದಲ್ಲಿ ಯಾರೂ ಅವನನ್ನು ಹೀಗೆ ಎಲ್ಲರ ಮುಂದೆ ಹೊಗಳಿರಲಿಲ್ಲ. ಮುಖ ಬಿಸಿಯಾಯಿತು, ಕಣ್ಣು ಮಂಜಾಯಿತು. ಒರೆಸಿಕೊಳ್ಳಲು ಕರ್ಚೀಫಿಗೆಂದು ಜೇಬಿಗೆ ಕೈಹಾಕಿದ. ಬೆರಳಿಗೆ ಪೊಟ್ಟಣ ಸಿಕ್ಕಿತು. ಮುಟ್ಟಿದೊಡನೆಯೇ ಎಲ್ಲವೂ ಒಂದೇ ಏಟಿಗೆ ತಿಳಿಯಿತು. ಆಗ ಮೇಡಂ ಇನ್ನೂ ಮಾತಾಡುತ್ತಲೇ ಇದ್ದರು, ಹುಡುಗಿ ಅವನನ್ನೇ ನೋಡುತ್ತಿದ್ದಳು, ನೀವಾದರೂ ಹೇಳಿ ಮಾಮ ಎಂಬಂತೆ. ಅವನು ಏನು ಮಾಡಿದ? ಕೈ ಹೊರಗೆ ತೆಗೆದ. ವಿನಯದಿಂದ ತಲೆ ತಗ್ಗಿಸಿ ಒಂದು ನಗೆ ನಕ್ಕ. ದೊಡ್ಡವರು ಹೊಗಳಿದಾಗ ಸಣ್ಣವರು ನಗುವ ನಗೆ. ಆ ನಗೆಯನ್ನು ನೆನೆದರೆ ಈಗಲೂ ಹಲ್ಲು ಕಚ್ಚಿಕೊಳ್ಳುವಂತಾಗುತ್ತದೆ.

"ಪಕ್ಕದವರ ಹತ್ರ ಕೂತು ಸರಿಯಾದ ಅಂಕಿ ಬರ್ಕೊಂಡು ಬಾ. ತಪ್ಪಾಯ್ತು ಅಂತ ಒಂದು ಪತ್ರ ಬರಿ. ಇವರ ಕ್ಷಮೇನೂ ಕೇಳು. ಅಲ್ಲೀವರ್ಗೂ ನನ್ನ ಕ್ಲಾಸಲ್ಲಿ ಕೂರೋ ಹಾಗಿಲ್ಲ," ಎಂದರು ಮೇಡಂ. ಮೇಡಂ ಕೆಟ್ಟವರಲ್ಲ. ಮಕ್ಕಳು ಸುಳ್ಳು ಹೇಳಬಾರದೆಂಬ ಒಂದೇ ಹಟ ಅವರಿಗೆ. ಹುಡುಗಿ ಮಾತ್ರ, "ಕಂಡದ್ದನ್ನೇ ಬರ್ದಿದೀನಿ ಮೇಡಂ," ಎಂದು ಇನ್ನೊಂದು ಸಲ ಹೇಳಿ ಹೊರಗೆ ಹೋಗಿ ಕಾರಿಡಾರಿನಲ್ಲಿ ನಿಂತಳು.

ಅವನ ಹೆಂಡತಿ ಲಾಂಡ್ರಿಯಲ್ಲಿ ಕೆಲಸಕ್ಕಿದ್ದಳು. ಬಟ್ಟೆ ಕೈಗೆ ಬಂದೊಡನೆ ಜೇಬು ತಡಕುವುದು ಅವಳಿಗೆ ರಕ್ತದಲ್ಲೇ ಬಂದುಬಿಟ್ಟಿತ್ತು. ಸೋಮವಾರ ಸಂಜೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕುವಷ್ಟರಲ್ಲಿ ಪೊಟ್ಟಣ ಅವಳ ಕೈಯಲ್ಲಿತ್ತು. "ಇದೇನ್ರೀ ಪುಡಿ?" ಎಂದಳು. ಸೋಡಾ, ಲ್ಯಾಬಿನದು, ಎಂದ. "ಕದ್ದು ತಂದ್ರಾ? ಹತ್ತೊಂಬತ್ತು ವರ್ಷಕ್ಕೆ ಒಂದು ಚಿಟಿಕೆ ಸೋಡಾ! ನೆಟ್ಟಗೆ ಕದಿಯೋಕೂ ಬರಲ್ಲ ನಿಮ್ಗೆ," ಎಂದು ನಕ್ಕು, ಕಟ್ಟಿಕೊಂಡಿದ್ದ ಸಿಂಕಿನ ತೂತಿಗೆ ಅದನ್ನು ಸುರಿದು ಮೇಲೆ ಬಿಸಿನೀರು ಹೊಯ್ದಳು. ಆಗ ಹೇಳಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅವನ ಬಾಯಿಂದ ಹೊರಟದ್ದು, "ಇವತ್ತು ಮೇಡಂ ಎಲ್ಲರ ಮುಂದೆ ನನ್ನ ಹೊಗಳಿದ್ರು ಕಣೆ," ಎಂಬ ಮಾತು. ಅವಳು ಸೌಟು ಕೆಳಗಿಟ್ಟು ಪೂರ್ತಿ ಕೇಳಿದಳು. ಸೂರ್ಯ ಪಶ್ಚಿಮದಲ್ಲಿ ಹುಟ್ಟುವ ಮಾತನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ ತನ್ನ ಅಕ್ಕನಿಗೆ ಫೋನು ಮಾಡಿ, "ಭಾವನವರಿಗೂ ಹೇಳು," ಎಂದು ಅದೇ ಮಾತನ್ನು ಮೂರನೆಯ ಸಲ ತಾನೇ ಹೇಳಿದಳು. ಅವನು ಗೋಡೆಯ ಕಡೆ ಮುಖ ಮಾಡಿಕೊಂಡು ಉಂಡ. ಹುಡುಗಿಯ ಸುದ್ದಿಯನ್ನು ಅವನು ಹೇಳಲೇ ಇಲ್ಲ. ಹೆಂಡತಿಯ ಪಾಲಿಗೆ ಆ ಹೊಗಳಿಕೆ ಸುಮ್ಮನೆ, ಕಾರಣವಿಲ್ಲದೆ ಆಕಾಶದಿಂದ ಬಿದ್ದಿತ್ತು.

ಮಂಗಳವಾರ ಹೇಳಿಬಿಡಬೇಕೆಂದು ಗಟ್ಟಿ ಮಾಡಿಕೊಂಡೇ ಹೊರಟಿದ್ದ. ಸ್ಟಾಫ್ ರೂಮಿನ ದಾರಿಯಲ್ಲಿ ಕಾರಿಡಾರಿನ ಕಂಬಕ್ಕೆ ಒರಗಿ ಹನ್ನೊಂದೂವರೆ ನಿಂತಿದ್ದಳು. ಒಳಗೆ ಪಾಠ ನಡೆಯುತ್ತಿತ್ತು. ಅವಳು ಕಿಟಕಿಯಿಂದ ಕೇಳಿಸಿಕೊಂಡು, ಪುಸ್ತಕವನ್ನು ಕಂಬಕ್ಕೆ ಆನಿಸಿ ನೋಟ್ಸ್ ಬರೆದುಕೊಳ್ಳುತ್ತಿದ್ದಳು. ಬಂದವರು ಹೋದವರು ಅವಳನ್ನು ನೋಡಿಕೊಂಡು ಹೋಗುತ್ತಿದ್ದರು. ಕೆಳಗಿನ ಕ್ಲಾಸಿನ ಚಿಕ್ಕ ಮಕ್ಕಳು ಬೆರಳು ತೋರಿಸಿ ಏನೋ ಪಿಸುಗುಟ್ಟಿದವು. ಅವನು ತಲೆ ತಗ್ಗಿಸಿ ದಾಟಬೇಕೆಂದರೆ, "ನಮಸ್ತೆ ಮಾಮ," ಎಂದಳು, ಎಂದಿನ ಹಾಗೆಯೇ. ದನಿಯಲ್ಲಿ ಕೋಪ ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಎರಡು ಹೆಜ್ಜೆ ಮುಂದೆ ಹೋದವನನ್ನು ಅವಳೇ ಕರೆದಳು.

"ಮಾಮ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬಾರ್ದು. ಏಳನೇ ಬೀಕರಿಗೆ ಸೋಡಾ ಹಾಕಿದ್ರಲ್ವಾ?"

ಎಷ್ಟು ಸರಳವಾದ ಪ್ರಶ್ನೆ. ಇಲ್ಲ ಅಂದರೆ ಮುಗಿದುಹೋಗುತ್ತಿತ್ತು. ಅದೇ ಹೊತ್ತಿಗೆ ಒಳಗೆ ಮೇಡಂ ದನಿ ಕೇಳಿತು, ಯಾವುದೋ ಹುಡುಗನಿಗೆ, ಕೆಲಸದಲ್ಲಿ ಅಚ್ಚುಕಟ್ಟು ಅಂದರೆ ನಮ್ಮ ಯಜಮಾನರನ್ನು ನೋಡಿ ಕಲಿ ಎನ್ನುತ್ತಿದ್ದರು. "ಹಾಕಿದ್ದೆ ಕಣಮ್ಮ," ಎಂದ ಅವನು. ಸೋಮವಾರ ಸುಮ್ಮನಿದ್ದವನು ಮಂಗಳವಾರ ಬಾಯಿಬಿಟ್ಟೇ ಸುಳ್ಳು ಹೇಳಿದ್ದ. ಹುಡುಗಿ ಸ್ವಲ್ಪ ಹೊತ್ತು ಅವನ ಮುಖ ನೋಡಿ, "ಹಾಗಾದ್ರೆ ನನ್ನ ಕಣ್ಣೇ ಸರಿ ಇಲ್ಲ," ಎಂದಳು. ಮುನಿಸಿನಿಂದಲ್ಲ, ಲೆಕ್ಕವೊಂದನ್ನು ಕೊನೆಗೂ ಬಿಡಿಸಿದಂತೆ ಹೇಳಿದಳು. ಪೆನ್ನಿನ ಮುಚ್ಚಳ ಹಾಕಿ, ಕಿಟಕಿಗೆ ಬೆನ್ನು ಮಾಡಿ ನಿಂತಳು. ಆಮೇಲೆ ನೋಟ್ಸ್ ಬರೆಯಲಿಲ್ಲ.

ಅವನ ಅಪ್ಪ ಸಿನಿಮಾ ಟಾಕೀಸಿನಲ್ಲಿ ಟಾರ್ಚ್ ಹಿಡಿದು ಜನರಿಗೆ ಸೀಟು ತೋರಿಸುವ ಕೆಲಸದಲ್ಲಿದ್ದರು. ಹುಡುಗನಾಗಿದ್ದಾಗ ಒಂದು ಸಲ ಅವನು ಗೆಳೆಯರ ಜೊತೆ ಟಿಕೆಟಿಲ್ಲದೆ ಹಿಂಬಾಗಿಲಿನಿಂದ ನುಗ್ಗಿ ಕೂತಾಗ ಮ್ಯಾನೇಜರು ಅಪ್ಪನನ್ನು ಕರೆದುಕೊಂಡು ಬಂದು, ಇವನು ನಿನ್ನ ಮಗನಲ್ಲವೇನಯ್ಯಾ, ನೀನೇ ಬಿಟ್ಟೆಯಾ ಎಂದು ಕೇಳಿದ್ದ. ಟಾರ್ಚಿನ ಬೆಳಕು ನೇರ ಮುಖಕ್ಕೆ ಬಿತ್ತು. ಅದರ ಹಿಂದೆ ಅಪ್ಪನ ಮುಖ ಕಾಣುತ್ತಿರಲಿಲ್ಲ. "ಯಾರೋ ಗೊತ್ತಿಲ್ಲ ಸಾರ್," ಎಂದಿತ್ತು ಅಪ್ಪನ ದನಿ. ಅವನು ಎದ್ದು ಹೊರಗೆ ಬಂದ. ಗೆಳೆಯರು ತಿಂಗಳುಗಟ್ಟಲೆ 'ಯಾರೋ ಗೊತ್ತಿಲ್ಲ ಸಾರ್' ಎಂದು ಆಡಿಕೊಂಡರು. ಮನೆಯಲ್ಲಿ ಅಪ್ಪ ಆ ಬಗ್ಗೆ ಒಂದು ಮಾತೂ ಆಡದೆ ತಮ್ಮ ತಟ್ಟೆಯಲ್ಲಿದ್ದುದನ್ನೆಲ್ಲ ಅವನ ತಟ್ಟೆಗೆ ಬಡಿಸಿದ್ದರು. ಅಂಥ ಅಪ್ಪನನ್ನು ಅವನು ಬಹಳ ವರ್ಷ ಕ್ಷಮಿಸಿರಲಿಲ್ಲ. ಅಪ್ಪನಿಗೆ ಕೆಲಸ ಹೋಗುವ ಭಯವಿತ್ತು, ಮನೆಯಲ್ಲಿ ಐದು ಹೊಟ್ಟೆಗಳಿದ್ದವು. ತನಗೇನು ಭಯ? ಒಂದು ಪೊಟ್ಟಣ ಸೋಡಾ ಮರೆತರೆ ಯಾರೂ ಕೆಲಸದಿಂದ ತೆಗೆಯುವುದಿಲ್ಲ, ಅರ್ಧ ದಿನದ ಸಂಬಳವನ್ನೂ ಹಿಡಿಯುವುದಿಲ್ಲ. ಮೇಡಂ ಅಯ್ಯೋ ಎಂದು ಒಂದು ಸಲ ಹಣೆ ಚಚ್ಚಿಕೊಳ್ಳುತ್ತಿದ್ದರು, ಅಷ್ಟೆ. ಅವನು ಆ ಹುಡುಗಿಯನ್ನು ಮಾರಿಕೊಂಡದ್ದು ಒಂದು ಒಳ್ಳೆಯ ಮಾತಿಗೆ. ಬುಧವಾರದ ಬೆಳಗಿನಲ್ಲಿ ದೀಪದ ಮುಂದೆ ಅವನು ಇದನ್ನೆಲ್ಲ ನೆನೆಯುತ್ತ ಕೂತಿದ್ದ. ಕಾವಲುಗಾರ ಗೇಟು ತೆಗೆದ ಸದ್ದು ಕೇಳಿತು. ಅವನು ದೀಪ ಆರಿಸಿ, ಬೀಕರನ್ನು ಹಾಗೆಯೇ ಬಿಟ್ಟು, ಪೊರಕೆ ಹಿಡಿದ.

ಮಧ್ಯಾಹ್ನದ ಗಂಟೆ ಹೊಡೆದೊಡನೆ ಊಟದ ಡಬ್ಬಿಯನ್ನೂ ಬಿಚ್ಚದೆ ಸ್ಟಾಫ್ ರೂಮಿಗೆ ಹೋದ. ಬಾಗಿಲಲ್ಲೇ ಕಾಲು ನಿಂತಿತು. ಹನ್ನೊಂದೂವರೆ ಆಗಲೇ ಅಲ್ಲಿದ್ದಳು. ಮೇಡಂ ಮೇಜಿನ ಪಕ್ಕದಲ್ಲಿ, ಕೈ ಹಿಂದೆ ಕಟ್ಟಿಕೊಂಡು, ನೆಲ ನೋಡುತ್ತ ನಿಂತಿದ್ದಳು. ಮೇಡಂ ಎದುರಿಗೆ ಪುಸ್ತಕ ತೆರೆದಿತ್ತು. "ಐದು, ಎಂಟು, ಹದಿಮೂರು, ಇಪ್ಪತ್ನಾಲ್ಕು, ಮೂವತ್ತೆಂಟು. ನೋಡು, ಎಷ್ಟು ಚೆನ್ನಾಗಿದೆ ಈಗ," ಎನ್ನುತ್ತಿದ್ದರು. ಗ್ರಾಫನ್ನೂ ಹೊಸದಾಗಿ ಎಳೆದಿದ್ದಳು. ಗೆರೆ ಎಡಗಡೆಯಿಂದ ಬಲಗಡೆಗೆ ಅಂದವಾಗಿ ಏರಿತ್ತು. "ಬನ್ನಿ ಯಜಮಾನ್ರೇ, ಸರಿಯಾದ ಟೈಮಿಗೆ ಬಂದ್ರಿ. ಇವಳು ನಿಮಗೂ ಒಂದು ಪತ್ರ ಬರ್ದಿದಾಳೆ." ಹುಡುಗಿ ನಾಲ್ಕು ಮಡಿಕೆ ಮಾಡಿದ ಹಾಳೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಅವನಿಗೆ ಕೊಟ್ಟಳು. ಪ್ರಯೋಗ ಮಾಡುವಾಗ ಗಮನ ಕೊಡದೆ ಅಂಕಿಗಳನ್ನು ಕಲ್ಪಿಸಿ ಬರೆದೆ, ಆಮೇಲೆ ತಪ್ಪನ್ನು ಮಾಮನವರ ಮೇಲೆ ಹೊರಿಸಿದೆ, ಇನ್ನು ಮುಂದೆ ಹೀಗೆ ಮಾಡುವುದಿಲ್ಲ, ದಯವಿಟ್ಟು ಕ್ಷಮಿಸಿ. ಅಕ್ಷರ ದುಂಡಗೆ, ಒಂದೂ ಚಿತ್ತಿಲ್ಲ.

"ಮೇಡಂ," ಎಂದ. ಹಾಳೆಯನ್ನು ಮೇಜಿನ ಮೇಲಿಟ್ಟು ಹೇಳಿದ, "ಮೇಡಂ, ಇದು ಸುಳ್ಳು. ಅವಳು ಮೊದಲು ಬರ್ದಿದ್ದೇ ಸರಿ. ಏಳನೇ ಬೀಕರಿಗೆ ನಾನು ಸೋಡಾ ಹಾಕಿರ್ಲಿಲ್ಲ. ಮರ್ತಿದ್ದೆ."

ಮೇಡಂ ಪೆನ್ನು ಎತ್ತಿ ಹಿಡಿದವರು ಹಾಗೆಯೇ ಅವನನ್ನು ನೋಡಿದರು. ಆಮೇಲೆ ಅವರ ಮುಖ ಮೆತ್ತಗಾಯಿತು. "ನೋಡಿದ್ಯೇನಮ್ಮ? ನೀನು ಅವರ ಮೇಲೆ ಹೇಳಿದೆ, ಅವರು ನಿನ್ನ ತಪ್ಪನ್ನ ತಮ್ಮ ತಲೆ ಮೇಲೆ ಎಳ್ಕೊಳ್ತಿದಾರೆ. ದೊಡ್ಡ ಮನಸ್ಸು ಅಂದ್ರೆ ಇದು."

"ಅಲ್ಲ ಮೇಡಂ, ದೇವರಾಣೆ. ಪೊಟ್ಟಣ ನನ್ನ ಜೇಬಲ್ಲೇ ಉಳಿದಿತ್ತು."

"ಎಲ್ಲಿ, ತೋರಿಸಿ."

"ಮನೇಲಿ... ಹೆಂಡತಿ ಸಿಂಕಿಗೆ ಸುರಿದುಬಿಟ್ಲು."

ಸ್ಟಾಫ್ ರೂಮಿಗೆ ಸ್ಟಾಫ್ ರೂಮೇ ನಕ್ಕಿತು. ಗಣಿತದ ಮೇಷ್ಟ್ರಿಗೆ ತುತ್ತು ನೆತ್ತಿಗೇರಿತು. ಮೂಲೆಯಲ್ಲಿ ಕೂತಿದ್ದ ಭೌತಶಾಸ್ತ್ರದ ಮೇಷ್ಟ್ರು ಕೈ ಒರೆಸಿಕೊಂಡು ಎದ್ದರು. "ಸುಳ್ಳು ಹೇಳೋಕೂ ಬರಲ್ಲ ಪಾಪ ಅವರಿಗೆ. ಮೇಡಂ, ಅವತ್ತು ನಾನು ಅಲ್ಲೇ ಇದ್ದೆ. ಒಂದೊಂದು ಬೀಕರಿಗೂ ಪೊಟ್ಟಣ ಬಿಚ್ಚಿ ಹಾಕ್ತಿದ್ದದ್ದನ್ನ ನನ್ನ ಕಣ್ಣಾರೆ ನೋಡಿದೀನಿ. ಸೋಡಾ ಯಾಕೆ ಬೇಕು ಅಂತ ನನಗೇ ಪಾಠ ಮಾಡಿದ್ರು." ನಿಜ ಹೇಳಲು ಇಷ್ಟು ಕಷ್ಟಪಡಬೇಕಾಗುತ್ತದೆ ಎಂದು ಅವನು ಎಣಿಸಿರಲಿಲ್ಲ. ಎರಡು ದಿನ ಅದನ್ನು ಬಚ್ಚಿಟ್ಟುಕೊಂಡು ಸಾಕಿದ್ದ. ಈಗ ಅದನ್ನು ಪುಕ್ಕಟೆ ಕೊಡುತ್ತೇನೆಂದರೂ ತೆಗೆದುಕೊಳ್ಳುವವರಿಲ್ಲ. ಎಲ್ಲರೂ ಅವನನ್ನು ಅಕ್ಕರೆಯಿಂದ ನೋಡುತ್ತಿದ್ದರು. ಸೋಮವಾರ ಹೊಗಳಿದಾಗ ಮುಖ ಬಿಸಿಯಾಗಿತ್ತು, ಇವತ್ತು ಯಾರೋ ಉಗಿದ ಹಾಗೆ ಒರೆಸಿಕೊಳ್ಳಬೇಕು ಅನ್ನಿಸಿತು. ಮೇಡಂ ಪುಸ್ತಕಕ್ಕೆ ಸಹಿ ಮಾಡಿ, ಹತ್ತಕ್ಕೆ ಎಂಟು ಕೊಟ್ಟು, ಹುಡುಗಿಯ ಬೆನ್ನು ತಟ್ಟಿದರು. "ಆಯ್ತು, ಮರೆತುಬಿಡು. ತಪ್ಪು ಒಪ್ಕೊಂಡ್ಯಲ್ಲ, ಅದೇ ದೊಡ್ಡದು." ಹುಡುಗಿಗೆ ಎರಡು ದಿನದ ಮೇಲೆ ಉಸಿರು ಬಂದಂತಾಯಿತು. ಅವಳು ನಕ್ಕಳು. ಪುಸ್ತಕಗಳ ಕಟ್ಟು ಆಫೀಸಿಗೆ ಹೊರಟಿತು.

ಕಾರಿಡಾರಿನಲ್ಲಿ ಅವನು ಅವಳ ಹಿಂದೆಯೇ ಓಡುವಂತೆ ಹೋದ. ಪುಸ್ತಕ ಹೋದರೆ ಹೋಗಲಿ, ಪರೀಕ್ಷೆಗೆ ಕೂರುತ್ತಾಳೆ; ಆದರೆ ಅವಳಿಗಾದರೂ ತಿಳಿಯಬೇಕು. ಅವಳ ಕಣ್ಣು ಸರಿಯಾಗಿದೆ ಎಂದು ಅವಳಿಗೆ ಗೊತ್ತಾದರೆ ಸಾಕು. "ಬಾಮ್ಮ, ಐದೇ ನಿಮಿಷ," ಎಂದು ಲ್ಯಾಬಿಗೆ ಕರೆದುಕೊಂಡು ಹೋದ. ಬೆಳಗಿನ ಬೀಕರು ಹಾಗೆಯೇ ಇತ್ತು. "ನೋಡು, ಇದಕ್ಕೆ ಸೋಡಾ ಹಾಕಿಲ್ಲ. ನಿನ್ನ ಏಳನೇ ಬೀಕರಿದ್ದ ಹಾಗೇ ಇದೆ. ನಿನ್ನೆ ನೀನು ಕೇಳಿದಾಗ ನಾನು ಸುಳ್ಳು ಹೇಳ್ದೆ ಕಣಮ್ಮ. ತಪ್ಪು ನಂದು." ಹುಡುಗಿ ಸಂಕೋಚದಿಂದ ಹೆಗಲ ಚೀಲವನ್ನು ಸರಿಮಾಡಿಕೊಂಡಳು. "ಪರವಾಗಿಲ್ಲ ಮಾಮ. ನೀವು ಒಳ್ಳೆಯವರು ಅಂತ ಎಲ್ರಿಗೂ ಗೊತ್ತು. ನನಗೋಸ್ಕರ ಹೀಗೆಲ್ಲ ಹೇಳ್ಬೇಡಿ," ಎಂದಳು.

"ನಾನು ಹೇಳೋದು ಬೇಡ. ನೀನೇ ಎಣಿಸು." ಅವನು ದೀಪ ಹಚ್ಚಿ ಹತ್ತು ಸೆಂಟಿಮೀಟರಿನಲ್ಲಿ ಇಟ್ಟ. ಗಿಡ ಬೆಳಕಿಗೆ ಹೊಂದಿಕೊಳ್ಳಲಿ ಎಂದು ಇಬ್ಬರೂ ಸ್ವಲ್ಪ ಹೊತ್ತು ಕಾದರು. ಹೊರಗೆ ಅಂಗಳದಲ್ಲಿ ಮಕ್ಕಳು ಚೆಂಡಿಗೆ ಒದೆಯುತ್ತಿದ್ದ ಸದ್ದು ಕೇಳುತ್ತಿತ್ತು. ಗಡಿಯಾರದ ಮುಳ್ಳು ಹನ್ನೆರಡಕ್ಕೆ ಬಂದಾಗ ಹೂಂ ಎಂದ. ಅವಳು ಬಗ್ಗಿದಳು. ಅವನೂ ಬಗ್ಗಿದ. ಒಂದು ಗುಳ್ಳೆ ಹೊರಟಿತು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಯಾರು ಬೇಕಾದರೂ, ಚಿಕ್ಕ ಮಗು ಕೂಡ ಎಣಿಸಬಹುದಾದಷ್ಟು ನಿಧಾನ. ಅವನು ತುಟಿ ಅಲ್ಲಾಡಿಸದೆ ಎಣಿಸಿದ. ಒಂಬತ್ತು, ಹತ್ತು. ಅವಳೂ ಮನಸ್ಸಿನಲ್ಲೇ ಎಣಿಸುತ್ತಿದ್ದಾಳೆ, ಇನ್ನೇನು ಅವಳ ಹುಬ್ಬು ಮೇಲೇರುತ್ತದೆ, ಅವತ್ತಿನ ಹಾಗೆ ಕಿವಿ ಕೆಂಪಗಾಗುತ್ತದೆ, ನಾನು ಹೇಳಿರಲಿಲ್ಲವಾ ಎಂದು ಅವನನ್ನು ಬೈಯುತ್ತಾಳೆ. ಬೈಯಲಿ, ಬೇಕಾದರೆ ಮೇಡಂ ಹತ್ತಿರ ಎಳೆದುಕೊಂಡು ಹೋಗಲಿ. ಹನ್ನೆರಡು. ಹದಿಮೂರು. ಮುಳ್ಳು ಸುತ್ತು ಮುಗಿಸಿತು.

"ಎಷ್ಟಾಯ್ತು?" ಎಂದ.

"ಮೂವತ್ತೆಂಟು ಮಾಮ."

ಅವನು ಅವಳತ್ತ ತಿರುಗಿದ. ಅವಳು ತಮಾಷೆ ಮಾಡುತ್ತಿರಲಿಲ್ಲ, ಸೇಡು ತೀರಿಸಿಕೊಳ್ಳುತ್ತಿರಲೂ ಇಲ್ಲ. ಹೇಳಿದ ಉತ್ತರ ಸರಿಯೋ ಎಂದು ಕಾಯುವ ಮಕ್ಕಳ ಆತಂಕದಿಂದ ಅವನ ಮುಖವನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದ ಹೀಗೆ ನೋಡುತ್ತಿದ್ದಳೋ, ಗಿಡದ ಕಡೆ ಒಂದು ಸಲವಾದರೂ ನೋಡಿದಳೋ ಇಲ್ಲವೋ, ಅವನಿಗೆ ತಿಳಿಯಲಿಲ್ಲ.

"ಅಲ್ಲಮ್ಮ, ಬೇರೆಯವರದ್ದು ಬಿಡು. ಈಗ, ಇಲ್ಲಿ, ನಿನ್ನ ಕಣ್ಣಿಗೆ ಎಷ್ಟು ಕಾಣಿಸ್ತು? ಅದನ್ನ ಹೇಳು."

ಅವಳು ಗಾಬರಿಯಾದಳು. ಬೀಕರನ್ನು ನೋಡಿದಳು, ಬಾಗಿಲ ಕಡೆ ನೋಡಿದಳು, ಮತ್ತೆ ಅವನನ್ನು ನೋಡಿದಳು.

"ಎಷ್ಟು ಕಾಣ್ಬೇಕಿತ್ತು ಮಾಮ?"